ಉಪ್ಪುಗಾಳಿ ತಿಂದ ಮೆಗಾ ಡ್ರೈವ್ ಮತ್ತು ಎರಡು ‘ಅಲಾದೀನ್’

ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಮನೆಯಿಂದ ಕಾಳಿ ನದಿ ಕಡಲು ಸೇರುವ ಅಳಿವೆಯವರೆಗೆ ನಡೆದೇ ಹೋಗಬಹುದು. ಇಲ್ಲಿ ಕಿಟಕಿಯ ಸರಳು, ಬಾಗಿಲ ಚಿಲಕ, ಸೈಕಲ್ಲಿನ ಚೈನು ಯಾವುದೂ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕು ಹಿಡಿಯದೆ ಉಳಿಯುವುದಿಲ್ಲ. ಅಂಥ ಮನೆಯ ಕಪಾಟಿನಲ್ಲಿ, 1995ರಲ್ಲಿ ಅಪ್ಪ ಭಟ್ಕಳದ ವಿದೇಶಿ ಸಾಮಾನಿನ ಪೇಟೆಯಿಂದ ತಂದುಕೊಟ್ಟ, ಟಿವಿಗೆ ಜೋಡಿಸಿ ವಿಡಿಯೊ ಆಟ ಆಡುವ ಸೆಗಾ ಮೆಗಾ ಡ್ರೈವ್ ಕನ್ಸೋಲ್ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಳೆಯ ಲುಂಗಿಯೊಂದನ್ನು ಸುತ್ತಿಕೊಂಡು ಕೂತಿತ್ತು. ಅದರ ಜೊತೆಗೆ ನಮ್ಮಲ್ಲಿದ್ದದ್ದು ಆಟ ತುಂಬಿದ ಒಂದೇ ಕಾರ್ಟ್ರಿಜ್, ‘ಅಲಾದೀನ್’. ಅದೇ ಆಟದ ಇನ್ನೊಂದು ರೂಪ ಶಿರಸಿಯ ಸೋದರತ್ತೆಯ ಮನೆಯಲ್ಲಿತ್ತು. ಭಾವನಿಗೆ ಅವನ ದೊಡ್ಡಪ್ಪ ಕೊಲ್ಲಿಯಿಂದ ತಂದ, ಕೈಯಲ್ಲೇ ಹಿಡಿದು ಆಡುವ ನಿಂಟೆಂಡೊ ಗೇಮ್ ಬಾಯ್‌ನಲ್ಲಿ. ಬೇಸಿಗೆ ರಜೆಯಲ್ಲಿ ನಾವಿಬ್ಬರೂ ಸೇರಿದಾಗಲೆಲ್ಲ ಒಂದೇ ಜಗಳ. ತನ್ನ ಕೈಯಲ್ಲಿರುವುದೂ ಅದೇ ಆಟವೆಂದು ಅವನು, ಅದು ಬರೀ ನೆರಳೆಂದು ನಾನು.

ಈ ಮಳೆಗಾಲದಲ್ಲಿ ಎರಡೂ ಯಂತ್ರಗಳನ್ನು ಬಿಚ್ಚಿ, ಸರಿಪಡಿಸಿ, ಅಕ್ಕಪಕ್ಕದಲ್ಲಿಟ್ಟು ಆ ಜಗಳವನ್ನು ತೀರಿಸಬೇಕೆಂದು ಹೊರಟೆ. ಹಳೆಯ ಆಟವೊಂದರ ಪೋರ್ಟು, ಅಂದರೆ ಒಂದು ಯಂತ್ರದ ಆಟವನ್ನು ಇನ್ನೊಂದಕ್ಕೆ ಹೊಂದಿಸಿದ ರೂಪ, ಚೆನ್ನಾಗಿಲ್ಲ ಎನ್ನುವವರಲ್ಲಿ ಹೆಚ್ಚಿನವರು ಅದನ್ನು ಆಡಿದ್ದು ಮಂಕಾದ ಪರದೆಯಲ್ಲಿ, ಕಿಲುಬು ಹಿಡಿದ ಸಂಪರ್ಕಗಳ ಮೇಲೆ, ಸರಿಯಾದ ವೋಲ್ಟೇಜು ಸಿಗದ ಯಂತ್ರದಲ್ಲಿ, ನಾನೂ ಅವರಲ್ಲೊಬ್ಬ. ಆದ್ದರಿಂದ ಉಪ್ಪಿನ ತಪ್ಪು, ಬ್ಯಾಟರಿಯ ತಪ್ಪು, ವಯಸ್ಸಿನ ತಪ್ಪು ಇವಿಷ್ಟನ್ನೂ ಮೊದಲು ತೆಗೆದುಹಾಕಿ, ಆಮೇಲೆ ಉಳಿಯುವ ಕೊರತೆಯನ್ನು ಮಾತ್ರ ಪೋರ್ಟಿನ ಲೆಕ್ಕಕ್ಕೆ ಬರೆಯುವುದೆಂದು ನಿರ್ಧರಿಸಿದೆ.

ಆಟದ ಹಿನ್ನೆಲೆಯನ್ನು ಮೊದಲು ಹೇಳಿಬಿಡುತ್ತೇನೆ. ಡಿಸ್ನಿಯ ‘ಅಲಾದೀನ್’ ಚಲನಚಿತ್ರ ಬಿಡುಗಡೆಯಾದದ್ದು 1992ರ ನವೆಂಬರಿನಲ್ಲಿ. ಅದನ್ನು ಆಧರಿಸಿದ ಮೆಗಾ ಡ್ರೈವ್ ಆಟವನ್ನು ವರ್ಜಿನ್ ಗೇಮ್ಸ್ ಸಂಸ್ಥೆಯ ಅಮೆರಿಕದ ತಂಡ ಡೇವಿಡ್ ಪೆರಿಯವರ ಮುಂದಾಳತ್ವದಲ್ಲಿ ಮಾಡಿ 1993ರ ನವೆಂಬರಿನಲ್ಲಿ ಹೊರತಂದಿತು. ಡಿಸ್ನಿಯ ಚಿತ್ರಕಾರರೇ ಪಾತ್ರಗಳ ಚಲನೆಯನ್ನು ಕಾಗದದ ಮೇಲೆ ಬಿಡಿಸಿಕೊಟ್ಟರು. ಆ ರೇಖೆಗಳನ್ನು ಕಂಪ್ಯೂಟರಿಗೆ ಇಳಿಸಿ, ಬಣ್ಣ ತುಂಬಿ, ಒತ್ತಿ ಚಿಕ್ಕದು ಮಾಡಿ 16 ಮೆಗಾಬಿಟ್, ಅಂದರೆ 2 ಮೆಗಾಬೈಟ್ ಕಾರ್ಟ್ರಿಜ್‌ನೊಳಗೆ ಕೂರಿಸಲಾಯಿತು. ಈ ವಿಧಾನಕ್ಕೆ ‘ಡಿಜಿಸೆಲ್’ ಎಂಬ ಹೆಸರಿತ್ತು. ಅನಂತರ ಬಂದ ಗೇಮ್ ಬಾಯ್ ರೂಪ ಈ ಮೆಗಾ ಡ್ರೈವ್ ಆಟದ್ದೇ ಪೋರ್ಟು. ಅದೇ ಕಾಲಕ್ಕೆ ನಿಂಟೆಂಡೊದ ಟಿವಿ ಯಂತ್ರವಾದ ಸೂಪರ್ ನಿಂಟೆಂಡೊಗೆ ಕ್ಯಾಪ್‌ಕಾಮ್ ಎಂಬ ಸಂಸ್ಥೆ ಮಾಡಿದ ‘ಅಲಾದೀನ್’ ಬೇರೆಯೇ ಆಟ. ಅದರ ಮಾತು ಆಮೇಲೆ.

ಜೂನ್ ಕೊನೆಯ ವಾರ ಮೆಗಾ ಡ್ರೈವನ್ನು ಮೇಜಿನ ಮೇಲಿಟ್ಟೆ. ಇದು ಮೊದಲ ಮಾದರಿ, ಮುಂದೆ ಹೆಡ್‌ಫೋನಿನ ತೂತು ಮತ್ತು ಸದ್ದಿನ ಜಾರುಗುಂಡಿ ಇರುವಂಥದ್ದು. ಸ್ವಿಚ್ಚು ಒತ್ತಿದರೆ ಕೆಂಪು ದೀಪ ಹತ್ತುತ್ತಿತ್ತು, ಪರದೆ ಕಪ್ಪಾಗಿಯೇ ಉಳಿಯುತ್ತಿತ್ತು. ಕಾರ್ಟ್ರಿಜ್ಜನ್ನು ಒಂದೆಡೆಗೆ ಒತ್ತಿ ಹಿಡಿದರೆ ಹರಿದ ಬಟ್ಟೆಯ ಹಾಗೆ ಬಣ್ಣದ ಪಟ್ಟಿಗಳು ಮೂಡಿ ಮತ್ತೆ ಮಾಯವಾಗುತ್ತಿದ್ದವು. ಕನ್ಸೋಲಿನ ಮೈಗೆ ಹಾಕಿದ್ದು ಸಾಮಾನ್ಯ ಸ್ಟಾರ್ ತಿರುಪು, ಸುಲಭವಾಗಿ ಬಂತು. ಕಾರ್ಟ್ರಿಜ್ಜಿಗೆ ಮಾತ್ರ 4.5 ಮಿಲಿಮೀಟರಿನ ವಿಶೇಷ ತಿರುಪು. ಅದಕ್ಕೆ ಹೊಂದುವ ಸ್ಕ್ರೂಡ್ರೈವರಿನ ತುದಿ ಇಲ್ಲಿ ಎಲ್ಲೂ ಸಿಗಲಿಲ್ಲ. ಹಳೆಯ ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆಯ ತುದಿಯನ್ನು ಲೈಟರಿನಲ್ಲಿ ಮೆತ್ತಗಾಗುವವರೆಗೆ ಕಾಯಿಸಿ, ತಿರುಪಿನ ತಲೆಯ ಮೇಲೆ ನೆಟ್ಟಗೆ ಒತ್ತಿ, ಪೂರ್ತಿ ಆರುವವರೆಗೆ ಅಲ್ಲಾಡಿಸದೆ ಹಿಡಿದರೆ ಆ ಕೊಳವೆಯೇ ಸ್ಕ್ರೂಡ್ರೈವರ್ ಆಗುತ್ತದೆ. ಎರಡನೆಯ ಪ್ರಯತ್ನಕ್ಕೆ ತಿರುಪು ತಿರುಗಿತು.

ಒಳಗೆ ಕಂಡದ್ದನ್ನು ಈ ಕರಾವಳಿಯಲ್ಲಿ ಎಲೆಕ್ಟ್ರಾನಿಕ್ಸ್ ಬಿಚ್ಚಿದವರೆಲ್ಲ ಬಲ್ಲರು. ಕಾರ್ಟ್ರಿಜ್ ಕೂರುವ 64 ಪಿನ್ನಿನ ತೊಟ್ಟಿಲಲ್ಲಿ ಸಾಸಿವೆಗಿಂತ ಚಿಕ್ಕ ಹಸಿರು ಹರಳುಗಳು, ಅವುಗಳ ಸುತ್ತ ಸುಣ್ಣದಂಥ ಬಿಳಿ ಪುಡಿ. ಹಸಿರು ಎಂದರೆ ತಾಮ್ರ ಕಿಲುಬಿದೆ ಎಂದರ್ಥ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ತೆಳು ಬಟ್ಟೆಯನ್ನು ಹಳೆಯ ರಟ್ಟಿನ ತುಂಡಿಗೆ ಸುತ್ತಿ ತೊಟ್ಟಿಲಿಗೆ ಹತ್ತಾರು ಸಲ ಹಾಕಿ ತೆಗೆದೆ; ಕಾರ್ಟ್ರಿಜ್ಜಿನ ಅಂಚನ್ನು ಬಿಳಿ ರಬ್ಬರಿನಿಂದ ಉಜ್ಜಿದೆ. ಆಟ ಬಂತು. ಕಥೆಯ ಊರಾದ ಅಗ್ರಬಾದ ಸಂತೆ, ಕೆಂಡದ ಮೇಲೆ ಕುಪ್ಪಳಿಸುವ ಕಾವಲುಗಾರ, ಹಾರಿ ಮೇಲೆ ಬಿದ್ದರೆ ಉಗುಳುವ ಒಂಟೆ ಎಲ್ಲವೂ ಹಾಗೆಯೇ ಇದ್ದವು. ಅಪ್ಪನನ್ನು ಕರೆದು ತೋರಿಸಿದೆ.

ನಾಲ್ಕನೆಯ ದಿನ ಮತ್ತೆ ಕಪ್ಪು ಪರದೆ.

ತಪ್ಪು ನನ್ನದೇ ಆಗಿತ್ತು. ಆಲ್ಕೋಹಾಲು ಎಣ್ಣೆಯನ್ನು, ಅಂಟನ್ನು ಚೆನ್ನಾಗಿ ತೆಗೆಯುತ್ತದೆ. ಉಪ್ಪು ಅದರಲ್ಲಿ ಕರಗುವುದೇ ಇಲ್ಲ ಎನ್ನುವಷ್ಟು ಕಡಿಮೆ. ನಾನು ಮಾಡಿದ್ದು ಪಿನ್ನುಗಳ ಮೇಲಿನ ಉಪ್ಪನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿ ಹೊಳಪು ಕೊಟ್ಟದ್ದು, ಅಷ್ಟೇ. ಅಡುಗೆ ಉಪ್ಪಿಗೆ ಒಂದು ಗುಣವಿದೆ: ಗಾಳಿಯ ತೇವಾಂಶ ಸುಮಾರು ಶೇಕಡಾ 75 ದಾಟಿದರೆ ಅದು ತಾನಾಗಿಯೇ ನೀರು ಹೀರಿ ಕರಗುತ್ತದೆ. ಮಳೆಗಾಲದಲ್ಲಿ ನಮ್ಮ ಅಡುಗೆಮನೆಯ ಉಪ್ಪಿನ ಭರಣಿಯಲ್ಲಿ ನೀರು ನಿಲ್ಲುವುದಕ್ಕೂ ಇದೇ ಕಾರಣ. ಕಾರವಾರದಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ತೇವಾಂಶ ಆ ಗಡಿಗಿಂತ ಕೆಳಗೆ ಇಳಿಯುವ ಹೊತ್ತು ಬಹಳ ಕಡಿಮೆ. ಪಿನ್ನಿನ ಮೇಲುಳಿದ ಕಣ್ಣಿಗೆ ಕಾಣದ ಉಪ್ಪು ರಾತ್ರಿ ಬೆಳಗಾಗುವುದರೊಳಗೆ ಹನಿಯಾಗಿ, ವಿದ್ಯುತ್ತು ಹರಿಯುವ ಎರಡು ಲೋಹಗಳ ನಡುವೆ ನಿಂತು ಮತ್ತೆ ತನ್ನ ಕೆಲಸ ಶುರುಮಾಡಿತ್ತು.

ಉಪ್ಪನ್ನು ತೆಗೆಯಬಲ್ಲದ್ದು ನೀರು ಮಾತ್ರ. ಆದರೆ ನಮ್ಮ ಬಾವಿಯ ನೀರಲ್ಲಿಯೂ ಉಪ್ಪಿದೆ, ನಲ್ಲಿಯ ನೀರಲ್ಲಿ ಖನಿಜಗಳಿವೆ. ಇನ್ವರ್ಟರ್ ಬ್ಯಾಟರಿಗೆ ಹಾಕಲು ಮಾರುವ ಶುದ್ಧೀಕರಿಸಿದ ನೀರಿನ ಐದು ಲೀಟರಿನ ಕ್ಯಾನು ತಂದೆ. ಬೋರ್ಡನ್ನು ತಗಡಿನ ಕವಚಗಳಿಂದ ಬಿಡಿಸಿ, ಅಗಲವಾದ ತಟ್ಟೆಯಲ್ಲಿಟ್ಟು, ಉಗುರು ಬೆಚ್ಚಗಿನ ಆ ನೀರಿನಲ್ಲಿ ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೂರು ಸಲ ತೊಳೆದೆ. ಪ್ರತಿ ಸಲವೂ ನೀರು ಬದಲಾಯಿಸಿದೆ. ತೊಟ್ಟಿಲಿನ ಹಸಿರು ಹರಳುಗಳಿಗೆ ವಿನೆಗರ್ ಅದ್ದಿದ ಹತ್ತಿಕಡ್ಡಿ ಮುಟ್ಟಿಸಿ, ಅವು ಕರಗಿದ ಕೂಡಲೇ ಮತ್ತೆ ತೊಳೆದೆ. ಆಲ್ಕೋಹಾಲಿನ ಸರದಿ ಈಗ ಬಂತು: ಅದು ಚಿಪ್ಪುಗಳ ಅಡಿಯಲ್ಲಿ ಅಡಗಿದ ನೀರನ್ನು ಹೊರದಬ್ಬಿ ತಾನೂ ಬೇಗ ಆರಿಹೋಗುತ್ತದೆ. ಹೊರಗೆ ಬಿಸಿಲಿಲ್ಲದ ಕಾರಣ ಬೋರ್ಡನ್ನು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅರ್ಧ ಕಿಲೋ ಸಿಲಿಕಾ ಜೆಲ್ ಜೊತೆ ಎರಡು ದಿನ ಇಟ್ಟೆ. ಅಕ್ಕಿಯಲ್ಲಿ ಹೂಳುವ ಪದ್ಧತಿಯನ್ನು ಬಿಟ್ಟುಬಿಡುವುದು ಒಳ್ಳೆಯದು. ಈ ಹವೆಯಲ್ಲಿ ಅಕ್ಕಿಯೇ ತೇವ ಕುಡಿದಿರುತ್ತದೆ, ಅದರ ಹೊಟ್ಟಿನ ಪುಡಿ ಪಿನ್ನುಗಳ ನಡುವೆ ಸೇರುತ್ತದೆ.

ಆ ಮೇಲೆ ಸಂಪರ್ಕ ತಪ್ಪಲಿಲ್ಲ. ಇದನ್ನು ಬರೆಯುವ ಹೊತ್ತಿಗೆ ಏಳು ವಾರಗಳಾದವು.

ವಿದ್ಯುತ್ತಿನ ಕಡೆಗೆ ಬಂದರೆ, ಈ ಮಾದರಿಯಲ್ಲಿ ಎರಡು 7805 ರೆಗ್ಯುಲೇಟರುಗಳು ಒಂದೇ ಲೋಹದ ಹಲಗೆಗೆ ಬೆನ್ನು ಹಚ್ಚಿ ಕೂತಿರುತ್ತವೆ. ಅಡಾಪ್ಟರಿನಿಂದ ಬಂದ 9 ವೋಲ್ಟನ್ನು 5 ವೋಲ್ಟಿಗೆ ಇಳಿಸಿ ಬೋರ್ಡಿನ ಬೇರೆ ಬೇರೆ ಭಾಗಗಳಿಗೆ ಹಂಚುವುದು ಅವುಗಳ ಕೆಲಸ. ಒಂದರ ಕಾಲಲ್ಲಿ ಮಲ್ಟಿಮೀಟರ್ 5.02 ತೋರಿಸಿತು, ಇನ್ನೊಂದರಲ್ಲಿ 4.4. ಆಟ ನಡುವೆ ಹೆಪ್ಪುಗಟ್ಟಿದಂತೆ ನಿಲ್ಲುತ್ತಿದ್ದುದಕ್ಕೆ ಇಷ್ಟು ಸಾಕು. ಎರಡನ್ನೂ ಬದಲಿಸಿದೆ, ಪಕ್ಕದ ಉಬ್ಬಿದ ಕೆಪಾಸಿಟರುಗಳನ್ನು ಅದೇ ಮೌಲ್ಯದ ಹೊಸವಕ್ಕೆ ಬದಲಿಸಿದೆ. ಬಿಡಿಭಾಗಗಳು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬಂದವು. ಅಡಾಪ್ಟರಿನ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಮೊದಲ ಮಾದರಿಯ ಮೆಗಾ ಡ್ರೈವಿನ ಪ್ಲಗ್ಗಿನ ನಡುವಣ ತೂತು ಋಣ, ಹೊರಗಿನ ಬಳೆ ಧನ. ಈಗ ಪೇಟೆಯಲ್ಲಿ ಸಿಗುವ ಹೆಚ್ಚಿನ ಅಡಾಪ್ಟರುಗಳು ಇದಕ್ಕೆ ತಿರುಗುಮುರುಗು. ಅಂಗಡಿಯೊಂದರಲ್ಲಿ ‘ಇದಕ್ಕೂ ಆಗುತ್ತದೆ’ ಎಂದು ಭರವಸೆಯಿಂದ ಕೊಟ್ಟದ್ದನ್ನು ಮನೆಯಲ್ಲಿ ಅಳೆದು ನೋಡದೆ ಚುಚ್ಚಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಅದರ ವೈರನ್ನು ಕತ್ತರಿಸಿ, ತಂತಿಗಳನ್ನು ಅದಲುಬದಲು ಮಾಡಿ ಬೆಸೆದು, ಮತ್ತೊಮ್ಮೆ ಅಳೆದ ಮೇಲೆಯೇ ಬಳಸಿದೆ.

ಸದ್ದಿನ ಜಾರುಗುಂಡಿಯ ಕರಕರ ಶಬ್ದ ಕಾಂಟ್ಯಾಕ್ಟ್ ಕ್ಲೀನರಿಗೆ ಹೋಯಿತು. ಈ ಮಾದರಿಯ ಹಿಂದಿರುವ, ಟಿವಿಗೆ ಜೋಡಿಸುವ ಎವಿ ತೂತಿನಲ್ಲಿ ಸಿಗುವುದು ಮೋನೊ ಧ್ವನಿ ಮಾತ್ರ; ಎಡಬಲ ಬೇರೆಯಾದ ಸ್ಟೀರಿಯೊ ಬೇಕಿದ್ದರೆ ಮುಂದಿನ ಹೆಡ್‌ಫೋನ್ ತೂತಿನಿಂದಲೇ ತೆಗೆದುಕೊಳ್ಳಬೇಕು. ಬಾಲ್ಯದಲ್ಲಿ ನಾವು ಟಿವಿಯ ಒಂದೇ ಸ್ಪೀಕರಿನಲ್ಲಿ ಕೇಳಿದ್ದ ಸಂತೆಯ ಸಂಗೀತ, ಒಂದು ಕಡೆ ತಾಳ ಇನ್ನೊಂದು ಕಡೆ ರಾಗವಾಗಿ ಬಿಡಿಸಿಕೊಂಡು ಕೇಳಿಸಿದಾಗ ನಾನು ಆಟ ನಿಲ್ಲಿಸಿ ಸುಮ್ಮನೆ ಕೂತೆ.

ಹೋಲಿಕೆಗೆ ಮುನ್ನ ಇನ್ನೊಂದು ಕೆಲಸ ಬಾಕಿ ಇತ್ತು. ನಮ್ಮದು ಪಾಲ್ ಎಂಬ ಟಿವಿ ಪದ್ಧತಿಯ ಯಂತ್ರ. ಸೆಕೆಂಡಿಗೆ 50 ಚಿತ್ರ. ಗೇಮ್ ಬಾಯ್‌ಗೆ ದೇಶ ಭಾಷೆಯ ಭೇದವಿಲ್ಲ, ಎಲ್ಲಿದ್ದರೂ ಸೆಕೆಂಡಿಗೆ ಸುಮಾರು 59.7. ಒಂದನ್ನು ಕುಂಟಿಸಿ ಇನ್ನೊಂದನ್ನು ಓಡಿಸಿ ಯಾರ ನಡಿಗೆ ಚೆಂದ ಎಂದು ಕೇಳುವುದು ನ್ಯಾಯವಲ್ಲ. ಮೆಗಾ ಡ್ರೈವಿನ ವಿಡಿಯೊ ಚಿಪ್ಪಿಗೆ 50 ಅಥವಾ 60 ಎಂದು ತಿಳಿಸುವ ಒಂದು ಕಾಲಿದೆ: ಅದಕ್ಕೆ 5 ವೋಲ್ಟು ಕೊಟ್ಟರೆ 50, ನೆಲಕ್ಕೆ ಕಟ್ಟಿದರೆ 60. ಬೋರ್ಡಿನ ಮೇಲೆ ಇದಕ್ಕೆಂದೇ ಜಂಪರಿನ ಜಾಗಗಳಿವೆ. ಅಲ್ಲಿಯ ಸಂಪರ್ಕ ಕತ್ತರಿಸಿ, ಮೂರು ತಂತಿ ಎಳೆದು, ಹಿಂಬದಿಯ ಗಾಳಿಕಿಂಡಿಯ ಸಂದಿನಲ್ಲಿ ಒಂದು ಚಿಕ್ಕ ಸ್ವಿಚ್ಚು ಕೂರಿಸಿದೆ. ಮೈಗೆ ತೂತು ಕೊರೆಯಲು ಮನಸ್ಸಾಗಲಿಲ್ಲ. ಹಳೆಯ ಪೆಟ್ಟಿಗೆ ಟಿವಿಯಲ್ಲಿ 60ಕ್ಕೆ ಹಾಕಿದರೆ ಚಿತ್ರ ಉರುಳುತ್ತದೆ, ಹೊಸ ಎಲ್‌ಇಡಿ ಟಿವಿ ಒಪ್ಪಿಕೊಂಡಿತು. ಮೇಲೆ ಕೆಳಗೆ ಇದ್ದ ಕಪ್ಪು ಪಟ್ಟಿಗಳು ಹೋದವು, ಹುಡುಗನ ಓಟ ಐದರಲ್ಲೊಂದು ಪಾಲು ಚುರುಕಾಯಿತು. ಮೂವತ್ತು ವರ್ಷ ನನಗೆ ಗೊತ್ತಿದ್ದ ಅಲಾದೀನ್ ನಿಧಾನದವನು ಎಂಬುದು ಆ ಸ್ವಿಚ್ಚು ತಿರುಗಿಸಿದ ಮೇಲೆ ತಿಳಿಯಿತು.

ಗೇಮ್ ಬಾಯ್ ತರಲು ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋದೆ. ಅತ್ತೆಯ ಮನೆಯ ಅಟ್ಟದ ಅಡಿಯಲ್ಲೇ ಅಡಿಕೆ ಬೇಯಿಸುವ ಒಲೆ. ಮೂವತ್ತು ಸುಗ್ಗಿಯ ಹೊಗೆ ಕುಡಿದು ಗೇಮ್ ಬಾಯ್‌ನ ಬೂದು ಮೈ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಆದರೆ ಒಳಗೆ ಒಂದು ಹಸಿರು ಚುಕ್ಕಿಯೂ ಇರಲಿಲ್ಲ. ಮಳೆ ಅಲ್ಲಿಯೂ ಕಡಿಮೆಯಲ್ಲ. ಉಪ್ಪು ಇಲ್ಲದ ತೇವ, ಅದರ ಮೇಲೆ ಒಲೆಯ ಬಿಸಿ, ಹಾಗಾಗಿ ತಾಮ್ರ ಉಳಿದಿದೆ. ಹಾಳಾಗಿದ್ದು ಬ್ಯಾಟರಿಯ ಮನೆ ಮತ್ತು ಪರದೆ.

ಸೋರಿದ ಸೆಲ್ಲಿನ ಕಲೆ ತೆಗೆಯುವ ಮೊದಲು ಸೆಲ್ಲು ಯಾವ ಜಾತಿಯದೆಂದು ತಿಳಿಯಬೇಕು. ಆಲ್ಕಲೈನ್ ಸೆಲ್ಲಿನದ್ದು ಕ್ಷಾರ, ಅದಕ್ಕೆ ಹುಳಿ ಮದ್ದು. ಹಳೆಯ ಸಾಮಾನ್ಯ ಸತು–ಇಂಗಾಲದ ಸೆಲ್ಲಿನದ್ದು ತಾನೇ ಹುಳಿ, ಅದಕ್ಕೆ ಅಡುಗೆ ಸೋಡ. ಬಿಳಿ ಪುಡಿಯ ಮೇಲೆ ನಿಂಬೆರಸದ ಒಂದು ಹನಿ ಬಿಟ್ಟೆ. ನೊರೆ ಎದ್ದಿತು, ಅಂದರೆ ಆಲ್ಕಲೈನ್. ನಿಂಬೆರಸದಲ್ಲೇ ಪೂರ್ತಿ ತೊಳೆದು, ನೀರಿನಿಂದ ಒರೆಸಿ, ಸ್ಪ್ರಿಂಗುಗಳನ್ನು ನಯವಾದ ಮರಳು ಕಾಗದದಿಂದ ತಿಕ್ಕಿದೆ. ದೀಪ ಹತ್ತಿತು, ಆದರೆ ಸ್ವಲ್ಪ ಅಲ್ಲಾಡಿಸಿದರೆ ಯಂತ್ರ ಮತ್ತೆ ಮೊದಲಿನಿಂದ ಶುರು. ಸ್ವಿಚ್ಚಿನೊಳಗೆ ಆಲ್ಕೋಹಾಲು ಇಳಿಸಿ ಐವತ್ತು ಸಲ ಹಿಂದೆ ಮುಂದೆ ಮಾಡಿದ ಮೇಲೆ ಅದೂ ನಿಂತಿತು.

ಪರದೆಯಲ್ಲಿ ಎಡದಿಂದ ಕಾಲು ಭಾಗದಲ್ಲಿ ಎಂಟು, ಬಲ ಅಂಚಿನಲ್ಲಿ ಮೂರು ಲಂಬ ಗೆರೆಗಳೇ ಇರಲಿಲ್ಲ. ಪರದೆಯ ಗಾಜಿಗೂ ಕೆಳಗಿನ ಪಟ್ಟಿಗೂ ನಡುವಣ ಅಂಟು ಸಡಿಲಿಸಿದರೆ ಹೀಗಾಗುತ್ತದೆ. ಹೊರಮೈಯ ಮೂರು ಸೀಳಿನ ತಿರುಪು ಬಿಚ್ಚಿ, ಪರದೆಯ ಕೆಳಗಿನ ರಬ್ಬರ್ ಪಟ್ಟಿಯನ್ನು ಮೆಲ್ಲಗೆ ಎತ್ತಿ, ಬೆಸುಗೆ ಕಡ್ಡಿಯ ಕಾವನ್ನು ಕಡಿಮೆ ಮಾಡಿ, ಅಂಟಿನ ಜಾಗದ ಮೇಲೆ ಇಸ್ತ್ರಿ ಹಾಕಿದಂತೆ ನಿಧಾನವಾಗಿ ಎಳೆಯಬೇಕು. ಯಂತ್ರ ಚಾಲೂ ಇಟ್ಟುಕೊಂಡೇ ಮಾಡಿದೆ. ಕಡ್ಡಿಯ ತುದಿ ದಾಟಿದ ಹಾಗೆ ಒಂದೊಂದೇ ಗೆರೆ ಮರಳಿ ಬಂತು. ಏಳನೆಯದು ಬಂದು, ಹೋಗಿ, ಮತ್ತೆ ಬಂತು. ಅತ್ತೆ ಪಕ್ಕದಲ್ಲಿ ನಿಂತು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಹನ್ನೊಂದರಲ್ಲಿ ಹತ್ತು ಗೆರೆ ಸಿಕ್ಕವು, ಬಲ ಅಂಚಿನದೊಂದು ಸಿಗಲಿಲ್ಲ. ಹೆಚ್ಚು ಕಾಯಿಸಿದರೆ ಇದ್ದದ್ದೂ ಹೋಗುತ್ತದೆಂದು ಅಲ್ಲಿಗೇ ಬಿಟ್ಟೆ.

ಈ ಗೆರೆಗಳಿಗೂ ನಮ್ಮ ಹಳೆಯ ಜಗಳಕ್ಕೂ ಸಂಬಂಧವಿದೆ. ಗೇಮ್ ಬಾಯ್ ರೂಪದಲ್ಲಿ ಎಸೆದ ಸೇಬು ನಡುದಾರಿಯಲ್ಲಿ ಮಾಯವಾಗುತ್ತದೆಂದು ನಾನು ಅಂದು ಹಂಗಿಸುತ್ತಿದ್ದೆ. ಸೇಬು ಮಾಯವಾಗುತ್ತಿದ್ದದ್ದು ಪರದೆಯ ಆ ಎಂಟು ಗೆರೆಗಳ ಜಾಗದಲ್ಲಿ. ಭಾವನ ಪರವಾಗಿ ಇದನ್ನು ಮೊದಲು ಬರೆದುಕೊಂಡೆ.

ಆಮೇಲೆ ಎರಡನ್ನೂ ಒಂದೇ ಮೇಜಿನ ಮೇಲಿಟ್ಟು, ಒಂದೇ ಸಂತೆಯ ಹಂತವನ್ನು ಆಡಿ, ಫೋನಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದು ನೋಡಿದೆ. ಮೆಗಾ ಡ್ರೈವಿನ ಅಲಾದೀನ್ ಓಡಿ ನಿಂತರೆ ದೇಹ ನಿಂತ ಮೇಲೂ ಷರಾಯಿಯ ಬಟ್ಟೆ ಒಂದು ಕ್ಷಣ ಮುಂದೆ ಹೋಗಿ ಹಿಂದೆ ಬರುತ್ತದೆ. ಕತ್ತಿ ಬೀಸಿದಾಗ ಭುಜ, ಮೊಣಕೈ, ಮಣಿಕಟ್ಟು ಒಂದರ ಹಿಂದೊಂದು ತಿರುಗುತ್ತವೆ. ಕೈಯಿಂದ ಬಿಡಿಸಿದವರಿಗೆ ಮಾತ್ರ ಹೊಳೆಯುವ ಚಲನೆ ಅದು. ಗೇಮ್ ಬಾಯ್‌ನಲ್ಲಿ ಕತ್ತಿ ಬೀಸುವ ಭಂಗಿ ಅದೇ, ಓಟದ ಭಂಗಿಯೂ ಅದೇ. ಭಂಗಿಗಳ ನಡುವಿನ ಚಿತ್ರಗಳು ಕಡಿಮೆ. ಬಟ್ಟೆ ದೇಹದೊಂದಿಗೇ ನಿಂತುಬಿಡುತ್ತದೆ.

ಇದು ಸೋಮಾರಿತನವೆಂದು ನಾನು ನಂಬಿದ್ದೆ. ಲೆಕ್ಕ ಹಾಕಿದರೆ ಬೇರೆಯೇ ಚಿತ್ರ. ಮೆಗಾ ಡ್ರೈವ್ ಪ್ರತಿ ಚಿತ್ರ ಮುಗಿದು ಮುಂದಿನದು ಶುರುವಾಗುವ ಬಿಡುವಿನಲ್ಲಿ, ಪ್ರೊಸೆಸರಿನ ಕೈ ಹಿಡಿಯದೆ, ಸುಮಾರು 7 ಕಿಲೋಬೈಟಿನಷ್ಟು ಹೊಸ ಚಿತ್ರವನ್ನು ಕಾರ್ಟ್ರಿಜ್ಜಿನಿಂದ ವಿಡಿಯೊ ಸ್ಮೃತಿಗೆ ಸಾಗಿಸಬಲ್ಲದು; 60ರ ವೇಗದಲ್ಲಿ ಅದಿಷ್ಟು, 50ರಲ್ಲಿ ಬಿಡುವು ಇನ್ನೂ ದೊಡ್ಡದು. ನಲವತ್ತು ಚುಕ್ಕಿ ಅಗಲ, ಐವತ್ತಾರು ಚುಕ್ಕಿ ಎತ್ತರದ ಒಂದು ಆಕೃತಿಗೆ ಬೇಕಾದದ್ದು ಎಂಟಕ್ಕೆ ಎಂಟು ಚುಕ್ಕಿಯ 35 ತುಣುಕು, 1120 ಬೈಟು. ಅಲಾದೀನನನ್ನೂ ಕಾವಲುಗಾರರನ್ನೂ ಪ್ರತಿ ಸಲ ಹೊಸದಾಗಿ ತಂದರೂ ಜಾಗ ಉಳಿಯುತ್ತದೆ. ಗೇಮ್ ಬಾಯ್‌ನ ಬಿಡುವು ಸುಮಾರು 1.1 ಮಿಲಿಸೆಕೆಂಡು. ಅಷ್ಟರಲ್ಲಿ ಅದರ ಪ್ರೊಸೆಸರಿಗೆ ಸಿಗುವುದು 1140 ಯಂತ್ರಾವರ್ತ, ಅಂದರೆ ಕೆಲಸದ ಹೆಜ್ಜೆಗಳು, ಮತ್ತು ಪ್ರತಿ ಬೈಟನ್ನೂ ಅದು ತಾನೇ ಎತ್ತಿ ಇಡಬೇಕು. ಒಂದಕ್ಕೆ ಐದು ಆವರ್ತ ಎಂದಿಟ್ಟುಕೊಳ್ಳಿ. ಇಪ್ಪತ್ತನಾಲ್ಕು ಚುಕ್ಕಿ ಅಗಲ, ಮೂವತ್ತೆರಡು ಎತ್ತರದ ಪುಟ್ಟ ಆಕೃತಿಗೂ 12 ತುಣುಕು, 192 ಬೈಟು, 960 ಆವರ್ತ. ಸ್ಪ್ರೈಟುಗಳ, ಅಂದರೆ ಹಿನ್ನೆಲೆಯ ಮೇಲೆ ಚಲಿಸುವ ಚಿಕ್ಕ ಚಿತ್ರಗಳ, ಜಾಗದ ಪಟ್ಟಿಯನ್ನು ನವೀಕರಿಸಲು ಇನ್ನು 160. ಅಲ್ಲಿಗೆ ಬಿಡುವು ಮುಗಿಯಿತು, ಅದೂ ಒಬ್ಬನೇ ಪಾತ್ರಕ್ಕೆ. ಗೆರೆಗೆರೆಗಳ ನಡುವಿನ ಚಿಕ್ಕ ಸಂದುಗಳನ್ನು ಬಳಸಿಕೊಳ್ಳಬಹುದು, ಕೆಲವು ಭಂಗಿಗಳನ್ನು ಸ್ಮೃತಿಯಲ್ಲೇ ಇಟ್ಟುಕೊಳ್ಳಬಹುದು. ಆದರೆ ಇಡೀ ವಿಡಿಯೊ ಸ್ಮೃತಿ 8 ಕಿಲೋಬೈಟ್, ಅದರಲ್ಲಿ ಹಿನ್ನೆಲೆಯೂ ಕೂರಬೇಕು. ಮೆಗಾ ಡ್ರೈವಿನದು 64. ಇಷ್ಟರಲ್ಲಿ ಕತ್ತಿಯ ಬೀಸನ್ನು ಗುರುತಿಸುವಂತೆ ಉಳಿಸಿಕೊಂಡವರ ಬಗ್ಗೆ ಈಗ ನನಗೆ ಗೌರವವಿದೆ.

ಕಾವಲುಗಾರರು ಗುಂಪಾಗಿ ಬಂದಾಗ ಗೇಮ್ ಬಾಯ್‌ನಲ್ಲಿ ಯಾರದೋ ಕಾಲೋ ತಲೆಯೋ ಮಿಣುಕುತ್ತದೆ. ಪರದೆ ಸರಿಯಾದ ಮೇಲೂ ಇದು ಉಳಿಯಿತು, ಆದ್ದರಿಂದ ಪೋರ್ಟಿನ ಲೆಕ್ಕಕ್ಕೆ ಬರೆದೆ. ಇದರ ಮೂಲವೂ ಯಂತ್ರದಲ್ಲಿದೆ: ಒಂದು ಅಡ್ಡಗೆರೆಯಲ್ಲಿ ಎಂಟು ಚುಕ್ಕಿ ಅಗಲದ ಹತ್ತು ಸ್ಪ್ರೈಟು ಮಾತ್ರ. ಇಪ್ಪತ್ತನಾಲ್ಕು ಚುಕ್ಕಿಯ ಮೂವರು ಒಂದೇ ಮಟ್ಟದಲ್ಲಿ ನಿಂತರೆ ಒಂಬತ್ತು ಮುಗಿಯಿತು, ಹಾರುವ ಸೇಬು ಹತ್ತನೆಯದು. ಅದರಾಚೆಗಿನದ್ದು ಆ ಗೆರೆಯಲ್ಲಿ ಬರೆಯಲ್ಪಡುವುದೇ ಇಲ್ಲ. ಮೆಗಾ ಡ್ರೈವಿಗೆ ಇದೇ ಮಿತಿ ಗೆರೆಗೆ 20, ಒಂದೊಂದೂ 32 ಚುಕ್ಕಿ ಅಗಲವಾಗಬಲ್ಲದು, ಒಟ್ಟು ಅಗಲ 320 ಚುಕ್ಕಿ ಮೀರದಂತೆ.

ಆದರೂ ಒಂದು ವಿಷಯದಲ್ಲಿ ಮಾಡಿದವರ ತೀರ್ಮಾನವನ್ನೇ ನಾನು ಒಪ್ಪುವುದಿಲ್ಲ. ಗೇಮ್ ಬಾಯ್ ಪರದೆ 160ಕ್ಕೆ 144 ಚುಕ್ಕಿ. ಮೆಗಾ ಡ್ರೈವಿನ 320ಕ್ಕೆ 224ರ ಮೂರನೇ ಒಂದಕ್ಕಿಂತ ಸ್ವಲ್ಪ ಕಡಿಮೆ. ಪಾತ್ರವನ್ನು ಸಿನಿಮಾದ ಹಾಗೆ ಕಾಣಿಸಬೇಕೆಂಬ ಆಸೆಯಿಂದ ಅದನ್ನು ದೊಡ್ಡದಾಗಿಯೇ ಉಳಿಸಿಕೊಂಡಿದ್ದಾರೆ, ಆದ್ದರಿಂದ ಹುಡುಗನ ಮುಂದೆ ಕಾಣುವ ದಾರಿ ತೀರ ಗಿಡ್ಡ. ಮೇಲಿನಿಂದ ಬೀಳುವ ಮಡಕೆ, ಆಚೆ ನಿಂತ ಕತ್ತಿವೀರ ಕಣ್ಣಿಗೆ ಬೀಳುವ ಹೊತ್ತಿಗೆ ಪೆಟ್ಟು ಬಿದ್ದಿರುತ್ತದೆ. ಮೆಗಾ ಡ್ರೈವಿನಲ್ಲಿ ಎರಡು ಪದರದ ಹಿನ್ನೆಲೆ ಬೇರೆ ಬೇರೆ ವೇಗದಲ್ಲಿ ಸರಿಯುತ್ತದೆ, ಹತ್ತಿರದ್ದು ಯಾವುದು ದೂರದ್ದು ಯಾವುದೆಂದು ಕಣ್ಣು ತಾನೇ ಅರಿಯುತ್ತದೆ. ಗೇಮ್ ಬಾಯ್‌ಗೆ ಇರುವುದು ಒಂದೇ ಸರಿಯುವ ಹಿನ್ನೆಲೆ, ನಾಲ್ಕೇ ಛಾಯೆ. ಅದರಲ್ಲೂ ಗೋಡೆಯ ಇಟ್ಟಿಗೆಗಳನ್ನು ಮೂಲದ ಹಾಗೆ ತುಂಬಿಸಿದ್ದರಿಂದ ನಿಲ್ಲಬಲ್ಲ ಕಟ್ಟೆಯೂ ಹಿಂದಿನ ಗೋಡೆಯೂ ಬೆರೆತುಹೋಗುತ್ತವೆ. ಓಡುವಾಗ ಆ ಕಾಲದ ಎಲ್‌ಸಿಡಿಯ ಮಸುಕು ಬೇರೆ. ಗೋಡೆಯನ್ನು ಖಾಲಿ ಬಿಟ್ಟು ಕಟ್ಟೆಯನ್ನು ಮಾತ್ರ ಕಪ್ಪಾಗಿ ಬರೆದಿದ್ದರೆ ಅದು ಸಿನಿಮಾಕ್ಕೆ ಕಡಿಮೆ ಹೋಲುತ್ತಿತ್ತು, ಆಡಲು ಹೆಚ್ಚು ಹಿತವಾಗಿರುತ್ತಿತ್ತು.

ಸಂಗೀತದಲ್ಲಿ ನನ್ನ ಊಹೆ ಪೂರ್ತಿ ತಲೆಕೆಳಗಾಯಿತು. ಮೆಗಾ ಡ್ರೈವಿನಲ್ಲಿ ವೈಎಂ2612 ಚಿಪ್ಪಿನ ಆರು ಎಫ್‌ಎಂ (ಒಂದು ಅಲೆಯಿಂದ ಇನ್ನೊಂದನ್ನು ಕುಲುಕಿಸಿ ಹುಟ್ಟಿಸುವ) ಧ್ವನಿ, ಜೊತೆಗೆ ಮೂರು ಚೌಕ ಅಲೆ, ಒಂದು ಗದ್ದಲ. ಡೊನಾಲ್ಡ್ ಗ್ರಿಫಿನ್ ಮತ್ತು ಟಾಮಿ ಟಲ್ಲಾರಿಕೊ ಅವುಗಳಿಂದ ಇಡೀ ವಾದ್ಯವೃಂದದ ಭಾಸ ತರಿಸಿದ್ದಾರೆ. ಗೇಮ್ ಬಾಯ್‌ಗೆ ಒಟ್ಟು ನಾಲ್ಕು ಧ್ವನಿ, ಸ್ಪೀಕರು ಒಂದು. ಆದರೆ ಹೆಡ್‌ಫೋನ್ ಚುಚ್ಚಿ ಕೇಳಿದರೆ ಸ್ಟೀರಿಯೊ ಇದೆ, ರಾಗ ಎಲ್ಲೂ ಮುರಿಯುವುದಿಲ್ಲ. ಹೊಗೆ ತುಂಬಿದ ಆ ಪುಟ್ಟ ಸ್ಪೀಕರಿನಿಂದಲೇ ನಾನು ತೀರ್ಪು ಕೊಟ್ಟಿದ್ದೆ.

ಸೂಪರ್ ನಿಂಟೆಂಡೊದ ‘ಅಲಾದೀನ್’ ನಮ್ಮ ಮನೆಗೆ ಬಂದೇ ಇರಲಿಲ್ಲ. 2019ರಲ್ಲಿ ಬಂದ ಡಿಸ್ನಿಯ ಹಳೆಯ ಆಟಗಳ ಸಂಗ್ರಹಕ್ಕೆ 2021ರಲ್ಲಿ ಅದನ್ನೂ ಸೇರಿಸಿದರು; ಅಣ್ಣನ ಮಗನ ಲ್ಯಾಪ್‌ಟಾಪಿನಲ್ಲಿ ಆಡಿದೆ. ಅದನ್ನು ರೂಪಿಸಿದವರು, ಮುಂದೆ 1996ರಲ್ಲಿ ‘ರೆಸಿಡೆಂಟ್ ಈವಿಲ್’ ಎಂಬ ಆಟವನ್ನು ನಿರ್ದೇಶಿಸಿದ ಶಿಂಜಿ ಮಿಕಾಮಿ. ಅಲ್ಲಿ ಹುಡುಗನ ಕೈಯಲ್ಲಿ ಕತ್ತಿಯಿಲ್ಲ. ಶತ್ರುಗಳ ತಲೆಯ ಮೇಲೆ ಹಾರಿ, ಕಂಬದಿಂದ ಕಂಬಕ್ಕೆ ತೂಗಿ ಸಾಗಬೇಕು. ತಾನು ಮಾಡಿರದಿದ್ದರೆ ಮೆಗಾ ಡ್ರೈವಿನದನ್ನೇ ಕೊಳ್ಳುತ್ತಿದ್ದೆ ಎಂಬ ಅರ್ಥದ ಮಾತನ್ನು ಮಿಕಾಮಿಯವರೇ ಹೇಳಿದ್ದಾರೆ. ಹಾರುವ ಹಿತದಲ್ಲಿ ಅವರ ಆಟವೇ ಮೇಲು ಎಂದು ನನಗನಿಸಿತು. ಮೆಗಾ ಡ್ರೈವಿನಲ್ಲಿ ಕಾಲು ಕಟ್ಟೆಯ ತುದಿ ಮುಟ್ಟಿತೋ ಇಲ್ಲವೋ ಎಂಬ ಅನುಮಾನ, ಯಂತ್ರ ಸರಿಯಾದ ಮೇಲೂ, ಉಳಿದೇ ಇದೆ. ಎರಡೂ ಒಂದೇ ಸಿನಿಮಾದಿಂದ ಹುಟ್ಟಿದರೂ ಒಂದು ಇನ್ನೊಂದರ ಪೋರ್ಟಲ್ಲ, ಆದ್ದರಿಂದ ಈ ಹೋಲಿಕೆಯನ್ನು ಮುಂದುವರಿಸಲಿಲ್ಲ.

ಆಗಸ್ಟಿನ ಎರಡನೆಯ ಭಾನುವಾರ ಭಾವ ಕಾರವಾರಕ್ಕೆ ಬಂದ. ಮಧ್ಯಾಹ್ನ ಕರೆಂಟು ಹೋಯಿತು, ಟಿವಿಯೂ ಮೆಗಾ ಡ್ರೈವೂ ನಿಂತವು. ಅವನು ಜಗಲಿಯಲ್ಲಿ ಬಾಗಿಲ ಬೆಳಕಿಗೆ ಗೇಮ್ ಬಾಯ್ ಓರೆಯಾಗಿ ಹಿಡಿದು, ನಾಲ್ಕು ಹೊಸ ಸೆಲ್ಲು ಹಾಕಿ, ಸಂತೆಯ ಹಂತವನ್ನು ಒಂದೇ ಉಸಿರಿಗೆ ಮುಗಿಸಿದ. ಕಾಣದ ದಾರಿಯೆಲ್ಲ ಅವನಿಗೆ ಬಾಯಿಪಾಠವಾಗಿತ್ತು. ಸೇಬು ಎಲ್ಲೂ ಮಾಯವಾಗಲಿಲ್ಲ. ಉಪ್ಪಿನ ಗಾಳಿಯಲ್ಲಿ ಅದು ನಾಲ್ಕು ದಿನ ಇತ್ತೆಂದು, ಹೊರಡುವ ಮುನ್ನ ಅದನ್ನು ಒರೆಸಿ, ಸೆಲ್ಲು ತೆಗೆದು, ಸಿಲಿಕಾ ಜೆಲ್ಲಿನ ಎರಡು ಪೊಟ್ಟಣದೊಂದಿಗೆ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಅವನ ಚೀಲದಲ್ಲಿಟ್ಟೆ. ಬಲ ಅಂಚಿನ ಆ ಒಂದು ಗೆರೆಯನ್ನು ಮಳೆ ನಿಂತ ಮೇಲೆ ಇನ್ನೊಮ್ಮೆ ಪ್ರಯತ್ನಿಸಬೇಕು.